ಉಸಿರುಕೊಳವೆಯ ಸಿಡುಕು

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಭೂಮಿ, ಮೀಸಲಾತಿ, ಸ್ಕಾಲರ್‌ಶಿಪ್ಪಿನ ಮಾತು ಮಧ್ಯಾಹ್ನಕ್ಕಿದೆ. ಈಗ ಉಸಿರಿನ ಮಾತು. ಗೂರಲು, ಉಬ್ಬಸ, ದಮ್ಮು, ಅಸ್ತಮಾ ಅಂತ ಊರಿಗೊಂದು ಹೆಸರಿರೋ ಕಾಯಿಲೆಯ ಮಾತು. ಅದರ ಜೊತೆಗೇ ಒಲೆ ಮುಂದೆ ಕೂತೂ ಕೂತೂ ನಮ್ಮ ಅವ್ವಂದಿರಿಗೆ, ಬೀಡಿ ಸೇದೀ ಸೇದೀ ನಮ್ಮ ಅಪ್ಪಂದಿರಿಗೆ ಬಂದಿರುವ ಹಳೇ ಕೆಮ್ಮು, ಏದುಸಿರು. ಡಾಕ್ಟರುಗಳು ಅದನ್ನು ಸಿ.ಓ.ಪಿ.ಡಿ. ಅಂತಾರೆ. ಈ ಮಾತುಗಳನ್ನು ನಾವು ನಾಲ್ಕೈದು ಜನ ಕೂತು ಸಿದ್ಧ ಮಾಡಿದ್ದೇವೆ. ನಮ್ಮಲ್ಲಿ ವೈದ್ಯಕೀಯ ಓದಿದವರಿದ್ದಾರೆ, ಗೂರಲು ಇರೋರೂ ಇದ್ದಾರೆ. ಆದ್ದರಿಂದ ಪುಸ್ತಕದ ಮಾತೂ ಬರುತ್ತೆ, ಎದೆಯ ಮಾತೂ ಬರುತ್ತೆ.

ಮೊದಲು ಒಂದು ಲೆಕ್ಕ. 2016ರ ಅಂದಾಜಿನಂತೆ ಭಾರತದಲ್ಲಿ ಅಸ್ತಮಾ ಇರುವವರು ಸುಮಾರು 3.8 ಕೋಟಿ, ಸಿ.ಓ.ಪಿ.ಡಿ. ಇರುವವರು ಸುಮಾರು 5.5 ಕೋಟಿ. ಜಗತ್ತಿನಲ್ಲಿ ಅಸ್ತಮಾ ಇರುವ ಪ್ರತಿ 100 ಜನರಲ್ಲಿ ನಮ್ಮ ದೇಶದವರು 13 ಜನ. ಆದರೆ ಅಸ್ತಮಾದಿಂದ ಸಾಯುವ 100 ಜನರಲ್ಲಿ 40ಕ್ಕೂ ಹೆಚ್ಚು ಜನ ನಮ್ಮವರು. 2019ರ ಲೆಕ್ಕ ಇದು. ಅದೇ ಕಾಯಿಲೆ, ಅದೇ ಔಷಧಿ, ಸಾವು ಮಾತ್ರ ಇಲ್ಲಿ ಮೂರು ಪಟ್ಟು ಯಾಕೆ? ಇದಕ್ಕೆ ನಮ್ಮ ಊರುಗಳಲ್ಲಿ ಸಿಗೋ ಉತ್ತರ ನಿಮಗೆಲ್ಲ ಗೊತ್ತು. "ಅವನ ಮೈಯೇ ಅಂಥದ್ದು, ಹುಟ್ಟಿನಿಂದ ಬಂದದ್ದು, ಅನುಭವಿಸಬೇಕು." ಹುಟ್ಟಿನಿಂದ ಬಂದದ್ದು, ಅನುಭವಿಸಬೇಕು ಅನ್ನೋ ಮಾತು ಯಾರ ಬಾಯಿಂದ ಬಂದರೂ ನಮ್ಮ ಕಿವಿ ನೆಟ್ಟಗಾಗಬೇಕು. ಯಾಕಂದರೆ ಆ ಮಾತನ್ನು ನಾವು ಬೇರೆ ವಿಷಯದಲ್ಲೂ ಬೇಕಾದಷ್ಟು ಕೇಳಿದ್ದೇವೆ.

ಸರಿ, ಎದೆಯೊಳಗೆ ಏನಾಗುತ್ತೆ? ಗಂಟಲಿನಿಂದ ಇಳಿದ ಒಂದು ಕೊಳವೆ ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಕೊನೆಗೆ ಗಾಳಿಚೀಲಗಳನ್ನು ಮುಟ್ಟುತ್ತೆ. ಬುಡಮೇಲು ಮಾಡಿದ ಆಲದ ಮರ ಅಂದುಕೊಳ್ಳಿ. ಈ ಕೊಳವೆಗಳ ಸುತ್ತ ಮಾಂಸಖಂಡದ ತೆಳು ಪಟ್ಟಿ ಸುತ್ತಿಕೊಂಡಿರುತ್ತೆ. ಒಳಗೆ ಕೆಟ್ಟದ್ದೇನಾದರೂ ನುಗ್ಗಿದರೆ ಈ ಪಟ್ಟಿ ಬಿಗಿಯುತ್ತೆ. ಒಣಮೆಣಸಿನಕಾಯಿ ಒಗ್ಗರಣೆ ಘಾಟು ಎಲ್ಲರಿಗೂ ಕೆಮ್ಮು ತರಿಸುತ್ತೆ, ಅದರಲ್ಲಿ ರೋಗವೇನಿಲ್ಲ. ಆದರೆ ಕೆಲವರ ಕೊಳವೆ, ಬೇರೆಯವರಿಗೆ ಗೊತ್ತೇ ಆಗದಷ್ಟು ಸಣ್ಣ ಹೊಗೆಗೆ, ಸಣ್ಣ ಧೂಳಿಗೆ, ತಣ್ಣನೆ ಗಾಳಿಗೆ, ಒಂದು ಓಟಕ್ಕೆ, ಒಂದು ಜೋರು ನಗುವಿಗೆ ಪಟ್ಟನೆ ಬಿಗಿದುಕೊಂಡುಬಿಡುತ್ತೆ. ಬಿಗಿದದ್ದು ಬೇಗ ಸಡಿಲವಾಗೋದೂ ಇಲ್ಲ. ಪುಸ್ತಕದಲ್ಲಿ ಇದಕ್ಕೆ ಶ್ವಾಸನಾಳಗಳ ಅತಿಪ್ರತಿಕ್ರಿಯೆ ಅಂತಾರೆ. ನಾವು ಕೊಳವೆಯ ಸಿಡುಕು ಅಂತ ಕರೆಯೋಣ. ಮಾತು ಮಾತಿಗೂ ಸಿಡಿಯೋ ಮನುಷ್ಯ ಇರ್ತಾನಲ್ಲ, ಹಾಗೆ. ಇದೇನು ಹೊಸ ಕಂಡುಹಿಡಿತವಲ್ಲ. 1860ರಲ್ಲೇ ಲಂಡನ್ನಿನ ಡಾಕ್ಟರ್ ಹೈಡ್ ಸಾಲ್ಟರ್ ಅಸ್ತಮಾ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅವರಿಗೇ ಗೂರಲು ಇತ್ತು.

ಬಿಗಿದರೆ ಎಷ್ಟು ಕಷ್ಟ ಆಗುತ್ತೆ ಅನ್ನೋದನ್ನು ಫಿಸಿಕ್ಸ್ ಓದೋರು ಬೇಗ ಹಿಡೀತೀರಿ. ಕೊಳವೆಯೊಳಗೆ ಗಾಳಿ ನಿಧಾನವಾಗಿ ಹರಿಯುವಾಗ, ಕೊಳವೆಯ ಅಗಲ ಅರ್ಧವಾದರೆ ಅಡ್ಡಿ ಎರಡು ಪಟ್ಟಾಗೋದಿಲ್ಲ, 16 ಪಟ್ಟಾಗುತ್ತೆ. ಬಿಗಿತದ ಮೇಲೆ ಒಳಗೋಡೆಯ ಊತ, ಅದರ ಮೇಲೆ ಅಂಟಂಟಾದ ಕಫ. ಗೂರಲು ಬಂದವನು ಅರ್ಧ ರಾತ್ರೀಲಿ ಎದ್ದು ಕೂತು ಎರಡು ಕೈಯಲ್ಲಿ ಮಂಚದ ಅಂಚು ಹಿಡಿದುಕೊಳ್ಳೋದು ನಾಟಕವಲ್ಲ ಅಂತ ಈ ಲೆಕ್ಕವೇ ಹೇಳುತ್ತೆ.

ಈ ಸಿಡುಕನ್ನು ಅಳೆಯಬಹುದು. ಇದು ಮುಖ್ಯವಾದ ಮಾತು, ಸ್ವಲ್ಪ ಗಮನ ಕೊಡಿ. ಕೆನಡಾ ದೇಶದ ಹ್ಯಾಮಿಲ್ಟನ್ ಊರಿನಲ್ಲಿ ಕಾಕ್‌ಕ್ರಾಫ್ಟ್, ಹಾರ್‌ಗ್ರೀವ್ ಮತ್ತು ಅವರ ಜೊತೆಗಾರರು 1977ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಕೊಳವೆಯನ್ನು ಬಿಗಿಸುವ ಹಿಸ್ಟಮಿನ್ ಎಂಬ ವಸ್ತುವನ್ನು ಬಹಳ ತೆಳುವಾಗಿ ಕಲಸಿ ಉಸಿರಿನಲ್ಲಿ ಕೊಡೋದು. ಆಮೇಲೆ ಜೋರಾಗಿ ಊದಿಸಿ, ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅಂತ ನೋಡೋದು. ನಂತರ ಮದ್ದಿನ ಸಾಂದ್ರತೆ ಎರಡು ಪಟ್ಟು, ಮತ್ತೆ ಎರಡು ಪಟ್ಟು. ಗಾಳಿ ಶೇಕಡಾ 20ರಷ್ಟು ಇಳಿದ ಜಾಗದಲ್ಲಿ ನಿಲ್ಲಿಸೋದು. ಈಗ ಹೆಚ್ಚಾಗಿ ಮೆಥಕೋಲಿನ್ ಬಳಸ್ತಾರೆ. ಸಾಮಾನ್ಯರ ಕೊಳವೆ ಮಿಲಿ ಲೀಟರಿಗೆ 16 ಮಿಲಿಗ್ರಾಂ ಮೆಥಕೋಲಿನ್ ಕೊಟ್ಟರೂ ಅಷ್ಟು ಬಿಗಿಯೋದಿಲ್ಲ. ಗೂರಲು ಜೋರಿರುವವರಿಗೆ 1 ಮಿಲಿಗ್ರಾಂ, ಅದಕ್ಕೂ ಕಡಿಮೆ ಸಾಕು. (ಇದು ಡಾಕ್ಟರ ಎದುರಿಗೇ ಮಾಡಬೇಕಾದ ಪರೀಕ್ಷೆ. ಹಾಸ್ಟೆಲಿನಲ್ಲಿ ಅಗರಬತ್ತಿ ಹಚ್ಚಿ ಗೆಳೆಯನನ್ನು ಪರೀಕ್ಷೆ ಮಾಡೋಕೆ ಹೋಗಬೇಡಿ.)

ಅದೇ ಹ್ಯಾಮಿಲ್ಟನ್ನಿನವರು ಇನ್ನೊಂದು ಸಂಗತಿಯನ್ನೂ ಕಂಡರು. ಒಬ್ಬನಿಗೆ ಒಗ್ಗದ ವಸ್ತುವನ್ನು, ಪರಾಗವೋ ಧೂಳೋ, ಒಂದು ಸಲ ಉಸಿರಲ್ಲಿ ಕೊಟ್ಟು ಆಮೇಲೆ ಅಳೆದರೆ, ಅವನ ಸಿಡುಕು ಮೊದಲಿಗಿಂತ ಏರಿರುತ್ತೆ. ಏರಿದ್ದು ದಿನಗಟ್ಟಲೆ ಹಾಗೇ ಉಳಿಯಬಹುದು. ನೆಗಡಿ ಜ್ವರ ಬಂದು ಹೋದ ಮೇಲೂ ವಾರಗಟ್ಟಲೆ ಕೊಳವೆ ಸಿಡುಕಾಗೇ ಇರುತ್ತೆ. ಅಂದಮೇಲೆ ಈ ಸಿಡುಕು ಹಣೇಲಿ ಬರೆದದ್ದಲ್ಲ, ಏರುತ್ತೆ, ಇಳಿಯುತ್ತೆ. ವಂಶದ ಪಾಲು ಇಲ್ಲ ಅಂತ ನಾವು ಹೇಳೋದಿಲ್ಲ, ಇದೆ. ಅಪ್ಪ ಅವ್ವನಿಗಿದ್ದರೆ ಮಕ್ಕಳಿಗೆ ಬರೋ ಸಾಧ್ಯತೆ ಹೆಚ್ಚು. ಆದರೆ ಅದು ಎಷ್ಟು ಏರಬೇಕು ಅನ್ನೋದನ್ನು ನಾವು ಎಂಥಾ ಗಾಳಿ ಕುಡೀತೇವೆ, ಎಂಥಾ ಕೆಲಸ ಮಾಡ್ತೇವೆ, ಎಂಥಾ ಔಷಧಿ ನಮಗೆ ಸಿಗುತ್ತೆ ಅನ್ನೋದು ತೀರ್ಮಾನ ಮಾಡುತ್ತೆ.

ಒಲೆ ಉರಿಯೋದನ್ನು ನೆನೆಸಿಕೊಳ್ಳಿ. ಸೌದೆ ಒಣಗಿಸೋದು ಬೇರೆ, ಕಿಡಿ ಹಾಕೋದು ಬೇರೆ. ಓಟ, ತಂಗಾಳಿ, ನಗು ಇವೆಲ್ಲ ಕಿಡಿಗಳು. ಓಡುವಾಗ ಬಾಯಲ್ಲಿ ಎಳೆದ ಗಾಳಿ ಕೊಳವೆಯ ಒಳಮೈಯನ್ನು ಒಣಗಿಸಿ ಬಿಗಿಸುತ್ತೆ, ಅಷ್ಟೇ. ಅದಕ್ಕೆ ಆಟ ಬಿಡಬೇಕಾಗಿಲ್ಲ. ಸೌದೆ ಒಣಗಿಸೋ ವಸ್ತುಗಳೇ ಬೇರೆ. ಹಳೇ ಹಾಸಿಗೆ ಜಮಖಾನದೊಳಗೆ ಕಣ್ಣಿಗೆ ಕಾಣದ ಧೂಳಿನ ಹುಳು. ಜಿರಲೆ, ಅದರ ಹಿಕ್ಕೆ. ಸೋರುವ ಗೋಡೆಯ ಬೂಸ್ಟು. ಪಾರ್ಥೇನಿಯಂ, ಅಂದರೆ ನಮ್ಮ ಜನ ಕಾಂಗ್ರೆಸ್ ಗಿಡ ಅನ್ನುವ ಕಳೆಯ ಪರಾಗ. ನಮ್ಮ ಹಾಸ್ಟೆಲುಗಳಲ್ಲಿ ಇವುಗಳಲ್ಲಿ ಯಾವುದು ಇಲ್ಲ ಅಂತ ಎಣಿಸೋದೇ ಸುಲಭ. ಎಂಟು ಜನ ಇರಬೇಕಾದ ಕೋಣೆಯಲ್ಲಿ ಹದಿನಾರು ಜನ, ಮಧ್ಯೆ ಸೊಳ್ಳೆ ಬತ್ತಿಯ ಹೊಗೆ.

ಬೆಂಗಳೂರಿನ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ನೋಡಿ ಲೆಕ್ಕ ಕೊಟ್ಟರು. 1979ರಲ್ಲಿ ಅವರಲ್ಲಿ ಅಸ್ತಮಾ ಇದ್ದದ್ದು ಶೇಕಡಾ 9. 1999ರಲ್ಲಿ 29.5. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ ಅನ್ನೋದನ್ನು ಮರೀಬಾರದು. ಆದರೂ ಇಪ್ಪತ್ತು ವರ್ಷದಲ್ಲಿ ಯಾರ ವಂಶವೂ ಮೂರು ಪಟ್ಟು ಕೆಡೋದಿಲ್ಲ. ಕೆಟ್ಟದ್ದು ಗಾಳಿ.

ಇನ್ನು ಕೆಲಸದ ಮಾತು. ಕಕ್ಕಸು ತೊಳೆಯೋ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದನ್ನು ಕುಡಿದವರ ಕೊಳವೆ ಒಂದೇ ದಿನದಲ್ಲಿ ಸುಟ್ಟು, ಆಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಸಿಡುಕಾಗಿ ಉಳಿಯಬಹುದು. ಮೊದಲು ಅವರಿಗೆ ಗೂರಲಿನ ಗಂಧವೇ ಇರೋದಿಲ್ಲ. ಅಮೆರಿಕದ ಬ್ರೂಕ್ಸ್ ಎಂಬ ವೈದ್ಯರು 1985ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ವಿವರಿಸಿದರು. ಅದಕ್ಕೂ ಒಂದು ವರ್ಷ ಮುಂಚೆ, 1984ರ ಡಿಸೆಂಬರಿನಲ್ಲಿ, ಭೋಪಾಲದಲ್ಲಿ ವಿಷಾನಿಲ ಕುಡಿದು ಬದುಕಿ ಉಳಿದ ಎಷ್ಟೋ ಬಡವರ ಎದೆಗೂ ಹೀಗೇ ಆಯ್ತು. ರೇಷ್ಮೆ ನೂಲು ತೆಗೆಯೋ ಫಿಲೇಚರುಗಳಲ್ಲಿ ಕೆಲಸ ಮಾಡೋರಿಗೆ ಗೂಡಿನ ಧೂಳಿನಿಂದ ಅಸ್ತಮಾ ಬರುತ್ತೆ ಅಂತ ಬೆಂಗಳೂರಿನ ವಿಜ್ಞಾನಿಗಳು 1985ರಲ್ಲೇ ಬರೆದರು. ಹತ್ತಿ ಜಿನ್ನಿಂಗಿನಲ್ಲಿ ದುಡಿಯೋರಿಗೆ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತೆ. ಈಗ ಹೇಳಿ. ಊರಿನ ಕಕ್ಕಸು ತೊಳೆಯೋರು ಯಾರು? ಹಾಸ್ಟೆಲಿನ ಕಕ್ಕಸನ್ನು ಯಾವ ಆಯ ಮುಖಕ್ಕೆ ಸೆರಗು ಕಟ್ಟಿಕೊಂಡು ತೊಳೀತಾರೆ? "ಮೈಯೇ ಅಂಥದ್ದು" ಅಂತ ಹೇಳೋ ಊರೇ ಆ ಮೈಗೆ ಆ ಕೆಲಸ ಕೊಟ್ಟಿದೆ.

ಅವ್ವಂದಿರ ಲೆಕ್ಕ ಇನ್ನೂ ಸುಲಭ. ಮೈಸೂರಿನ ಸುತ್ತಲ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು 2013ರಲ್ಲಿ ಒಂದು ಗಡಿ ಹೇಳಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂತಿದ್ದಾರೆ, ಎಷ್ಟು ವರ್ಷ ಕೂತಿದ್ದಾರೆ, ಎರಡನ್ನೂ ಗುಣಿಸಿ. 60 ದಾಟಿತೋ, ಹಳೇ ಕೆಮ್ಮಿನ ಅಪಾಯ ಎದ್ದು ಕಾಣುತ್ತೆ. ದಿನಕ್ಕೆ ನಾಲ್ಕು ಗಂಟೆ ಅಂದರೆ ಹದಿನೈದೇ ವರ್ಷ. ಹದಿನಾರಕ್ಕೆ ಮದುವೆಯಾದ ಅವ್ವ ಮೂವತ್ತೊಂದಕ್ಕೇ ಗಡಿ ಮುಟ್ಟಿರ್ತಾಳೆ. ರಜೆಗೆ ಊರಿಗೆ ಹೋದಾಗ ನಿಮ್ಮ ಅವ್ವನ ಲೆಕ್ಕ ನೀವೇ ಮಾಡಿ ನೋಡಿ. ಸಿಲಿಂಡರ್ ಮನೆಗೆ ಬಂದಿದ್ದರೂ ಕೇಳಿ, ಅದು ತುಂಬಿಸಿದ್ದು ಯಾವಾಗ, ಈಗ ಅಡುಗೆ ಯಾವುದರ ಮೇಲೆ ಅಂತ.

ಈ ಹಳೇ ಕೆಮ್ಮಿನವರಲ್ಲೂ ಸಿಡುಕು ಇರುತ್ತೆ. ಆದರೆ ದಾರಿ ಸ್ವಲ್ಪ ಬೇರೆ. ಹೊಗೆಯಿಂದ ಅವರ ಕೊಳವೆ ಮೊದಲೇ ಸಣ್ಣಗಾಗಿರುತ್ತೆ. ಕೊಳವೆಯನ್ನು ಸುತ್ತಲಿಂದ ಎಳೆದು ತೆರೆದಿಡುತ್ತಿದ್ದ ಶ್ವಾಸಕೋಶದ ಎಳೆಗಳೂ ಸವೆದಿರುತ್ತವೆ. ಗುಡಾರದ ಹಗ್ಗ ಹರಿದ ಹಾಗೆ. ಅಂಥ ಕೊಳವೆ ಒಂಚೂರು ಬಿಗಿದರೂ ಬಹಳ ಮುಚ್ಚುತ್ತೆ, ಆಗಲೇ ಹೇಳಿದ 16 ಪಟ್ಟಿನ ಲೆಕ್ಕ. ಅಮೆರಿಕ, ಕೆನಡಾಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಸಿಗರೇಟು ಸೇದುವವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನದ ಫಲ 1990ರ ದಶಕದಲ್ಲಿ ಹೊರಬಂತು. ಮೆಥಕೋಲಿನ್‌ಗೆ ಹೆಚ್ಚು ಸಿಡುಕಿದವರ ಎದೆಯೇ ಬೇಗ ಬೇಗ ಕುಂದಿತು, ಅದರಲ್ಲೂ ಸೇದೋದು ಬಿಡದವರದ್ದು. ಬಿಟ್ಟವರದ್ದು ನಿಧಾನವಾಯ್ತು. ಗೂರಲೂ ಇದ್ದು ಬೀಡಿಯನ್ನೂ ಸೇದೋ ಗೆಳೆಯರು ಈ ಸಾಲಿನ ಕೆಳಗೆ ಗೆರೆ ಹಾಕಿಕೊಳ್ಳಿ.

ಇನ್ನು ಪಂಪಿನ ಮಾತು. ಇಲ್ಲೇ ನಮ್ಮ ಹುಡುಗರು ಸಾಯ್ತಾ ಇರೋದು, ಅದಕ್ಕೇ ಬಿಡಿಸಿ ಹೇಳ್ತೇವೆ.

ಪಂಪುಗಳಲ್ಲಿ ಎರಡು ಜಾತಿ (ಈ ಜಾತಿಯನ್ನು ಮಾತ್ರ ಒಪ್ಪಿಕೊಳ್ಳೋಣ). ಒಂದು ಬಿಗಿತ ಬಿಡಿಸೋದು, ಸಾಲ್‌ಬ್ಯುಟಮಾಲ್, ಸಾಮಾನ್ಯವಾಗಿ ನೀಲಿ. ಐದು ನಿಮಿಷದಲ್ಲಿ ಹಾಯೆನಿಸುತ್ತೆ. ಆದರೆ ಅದು ಬಿಗಿದ ಪಟ್ಟಿಯನ್ನು ಕೆಲವು ಗಂಟೆ ಸಡಿಲ ಮಾಡುತ್ತೆ, ಸಿಡುಕನ್ನು ಇಳಿಸೋದಿಲ್ಲ. ಒಳಗಿನ ಊತ ಹಾಗೇ ಇರುತ್ತೆ. ಇನ್ನೊಂದು ಊತ ಇಳಿಸೋದು, ಬ್ಯೂಡೆಸೊನೈಡ್, ಬೆಕ್ಲೊಮೆಥಸೋನ್ ಥರದ್ದು. ಎಳೆದ ಕೂಡಲೇ ಏನೂ ಗೊತ್ತಾಗೋದಿಲ್ಲ. ದಿನಾ ತಗೊಂಡರೆ ವಾರ, ತಿಂಗಳುಗಳಲ್ಲಿ ಸಿಡುಕನ್ನೇ ಇಳಿಸುತ್ತೆ. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಆದ್ದರಿಂದ ಬಣ್ಣ ನೋಡಬೇಡಿ, ಹೆಸರು ಓದಿ.

ಫಿನ್ಲೆಂಡಿನಲ್ಲಿ ಅಸ್ತಮಾ ಹೊಸದಾಗಿ ಕಂಡ ನೂರು ಚಿಲ್ಲರೆ ಜನರನ್ನು ಎರಡು ಗುಂಪು ಮಾಡಿ ಎರಡು ವರ್ಷ ನೋಡಿದರು. ಒಂದು ಗುಂಪಿಗೆ ನೀಲಿ ಪಂಪಿನ ದಾಯಾದಿ ಟರ್ಬ್ಯುಟಲಿನ್, ಇನ್ನೊಂದಕ್ಕೆ ಬ್ಯೂಡೆಸೊನೈಡ್. 1991ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಿಡುಕು ಚೆನ್ನಾಗಿ ಇಳಿದದ್ದು ಎರಡನೇ ಗುಂಪಿಗೆ. ಆ ದೇಶ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1994ರಿಂದ ಹತ್ತು ವರ್ಷದ ರಾಷ್ಟ್ರೀಯ ಕಾರ್ಯಕ್ರಮ ಮಾಡಿ ಊರೂರಿನ ವೈದ್ಯರಿಗೆ, ನರ್ಸುಗಳಿಗೆ, ಔಷಧಿ ಅಂಗಡಿಯವರಿಗೆ ಇದನ್ನು ಕಲಿಸಿತು. ಅಸ್ತಮಾಕ್ಕಾಗಿ ಆಸ್ಪತ್ರೆಯಲ್ಲಿ ಮಲಗುವ ದಿನಗಳು ಅರ್ಧಕ್ಕಿಂತ ಕೆಳಗಿಳಿದವು. ಸರ್ಕಾರ ಮನಸ್ಸು ಮಾಡಿದರೆ ಆಗೋ ಕೆಲಸ ಇದು.

ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ವಿಚಾರಣೆ ಮಾಡಿ 2014ರಲ್ಲಿ ವರದಿ ಕೊಟ್ಟರು. ಬಿಗಿತ ಬಿಡಿಸೋ ಪಂಪು ಬಳಸುತ್ತಿದ್ದವರಲ್ಲಿ ಶೇಕಡಾ 39 ಜನರಿಗೆ ಸಾಯೋ ಮುಂಚಿನ ಒಂದು ವರ್ಷದಲ್ಲಿ ಅಂಥ 12ಕ್ಕಿಂತ ಹೆಚ್ಚು ಪಂಪುಗಳನ್ನು ಬರೆದುಕೊಟ್ಟಿದ್ದರು. ತಿಂಗಳಿಗೊಂದು ನೀಲಿ ಪಂಪು ಖಾಲಿ ಮಾಡ್ತಾ ಇರೋನು ಗಟ್ಟಿಯಾಗಿದ್ದಾನೆ ಅಂತ ತಿಳೀಬೇಡಿ, ಅವನು ಬಾವಿಯ ಅಂಚಿನಲ್ಲಿದ್ದಾನೆ. ಇದನ್ನೆಲ್ಲ ನೋಡಿಯೇ ಜೀನಾ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ 2019ರಲ್ಲಿ, ದೊಡ್ಡವರಿಗೆ ಮತ್ತು ಹರೆಯದವರಿಗೆ ಬರೀ ಸಾಲ್‌ಬ್ಯುಟಮಾಲ್ ಕೊಟ್ಟು ಕಳಿಸಬಾರದು, ಊತ ಇಳಿಸೋ ಔಷಧಿ ಜೊತೆಗಿರಲೇಬೇಕು ಅಂತ ಹೇಳಿತು. ನಮ್ಮ ಹಳ್ಳಿ ಅಂಗಡಿಗಳಲ್ಲಿ ಇವತ್ತಿಗೂ ಏನು ಸಿಗುತ್ತೆ? ಒಂದು ಬಿಳಿ ಮಾತ್ರೆ, ಒಂದು ಇಂಜೆಕ್ಷನ್.

"ಪಂಪು ಹಿಡಿದರೆ ಚಟ ಆಗುತ್ತೆ, ಮಾತ್ರೆಯೇ ವಾಸಿ" ಅನ್ನೋರಿಗೆ ಒಂದು ಲೆಕ್ಕ ಕೊಡಿ. ನೀಲಿ ಪಂಪಿನ ಒಂದು ಪಫ್ಫಿನಲ್ಲಿ 100 ಮೈಕ್ರೋಗ್ರಾಂ ಔಷಧಿ. ಅದೇ ಔಷಧಿಯ ಮಾತ್ರೆ 4 ಮಿಲಿಗ್ರಾಂ. ಅಂದರೆ ನಲವತ್ತು ಪಫ್ಫಿನಷ್ಟು ಒಂದೇ ಮಾತ್ರೆಯಲ್ಲಿ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಹೊಡೆಸಿ, ತಡವಾಗಿ ಕೊಳವೆ ತಲುಪುತ್ತೆ. ಸ್ಟೆರಾಯ್ಡ್ ಪಂಪಿಗೂ ಇದೇ ಮಾತು. ಅದು ಮೈಕ್ರೋಗ್ರಾಂ ಲೆಕ್ಕ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಮೃಗಶಿರ ಮಳೆ ಹುಟ್ಟೋ ದಿನ ಹೈದರಾಬಾದಿಗೆ ಹೋಗಿ, ಜೀವಂತ ಮೀನಿನ ಬಾಯಲ್ಲಿಟ್ಟ ಮದ್ದು ನುಂಗಿ ಬರೋರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅವರನ್ನು ನಾವು ಹಂಗಿಸೋದಿಲ್ಲ. ಆಸ್ಪತ್ರೆಯಲ್ಲಿ ಗದರಿಸಿಕೊಂಡು ಬಂದವನು ಎಲ್ಲಿ ಕೈ ಹಿಡೀತಾರೋ ಅಲ್ಲಿಗೆ ಹೋಗ್ತಾನೆ. ಆದರೆ ಅದು ಕೊಳವೆಯ ಸಿಡುಕನ್ನು ಇಳಿಸುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಮೀನು ನುಂಗಿದೆ ಅಂತ ಪಂಪು ಬಿಟ್ಟುಬಿಟ್ಟರೆ ಅದೇ ಅಪಾಯ.

ಇನ್ನೊಂದು ಸಂಗತಿ ಹೇಳೋದಕ್ಕೆ ನಮಗೇ ನಾಚಿಕೆ. ಒಂದು ಹಾಸ್ಟೆಲಿನಲ್ಲಿ ಪಿ.ಯು.ಸಿ. ಹುಡುಗನೊಬ್ಬ ರಾತ್ರಿ ಕೆಮ್ಮಿ ಸುಯ್‌ಗುಟ್ಟುತ್ತಿದ್ದ. ಟಿ.ಬಿ. ಇರಬೇಕು ಅಂತ ಸುದ್ದಿ ಹಬ್ಬಿತು. ವಾರದೊಳಗೆ ಅವನ ತಟ್ಟೆ ಲೋಟ ಬೇರೆಯಾದವು. ಅವನು ಪಂಪನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟು, ಕಕ್ಕಸಿಗೆ ಹೋಗಿ ಎಳೆಯೋಕೆ ಶುರು ಮಾಡಿದ. ಹಾಗೆ ಬೇರೆ ಮಾಡಿದವರು ಯಾರೋ ಮೇಲಿನ ಕೇರಿಯವರಲ್ಲ, ನಮ್ಮವೇ ಹುಡುಗರು. ತಟ್ಟೆ ಬೇರೆ ಇಡೋದು ಅಂದರೇನು ಅಂತ ತಾತನ ಕಾಲದಿಂದ ಗೊತ್ತಿರೋರು ನಾವು. ಗೂರಲು ಮುಟ್ಟಿದರೆ ಬರೋದಿಲ್ಲ, ತಟ್ಟೆಯಿಂದ ಬರೋದಿಲ್ಲ, ಉಸಿರು ತಾಗಿದರೆ ಬರೋದಿಲ್ಲ. ಟಿ.ಬಿ.ಯೇ ಆಗಿದ್ದರೂ ಕಫ ಪರೀಕ್ಷೆ ಮಾಡಿಸಿ ಔಷಧಿ ಕೊಡಿಸೋದು ಜೊತೆಗಾರರ ಕೆಲಸ, ತಟ್ಟೆ ಬೇರೆ ಇಡೋದಲ್ಲ.

ಕೇಳಬೇಕಾದ್ದನ್ನು ಕೇಳಿ. ಬ್ಯೂಡೆಸೊನೈಡ್, ಸಾಲ್‌ಬ್ಯುಟಮಾಲ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವೆಯಾ ಅಂತ ನಾಲ್ಕು ಜನ ಸೇರಿ ಹೋಗಿ ಕೇಳಿ. ಇಲ್ಲ ಅಂದರೆ ಬಾಯಿಮಾತು ಬಿಟ್ಟು ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಹಾಸ್ಟೆಲಿನಲ್ಲಿ ಹಾಸಿಗೆ ಬಿಸಿಲಿಗೆ ಹಾಕಿಸೋದು, ಸೋರುವ ಗೋಡೆ ರಿಪೇರಿ, ಅಡುಗೆಮನೆಗೆ ಹೊಗೆಗೂಡು, ಕಕ್ಕಸು ತೊಳೆಯೋ ಆಯನಿಗೆ ಆಸಿಡ್ಡು ಬ್ಲೀಚಿಂಗ್ ಬೆರೆಸಬಾರದು ಅನ್ನೋ ತಿಳಿವಳಿಕೆ ಮತ್ತು ಕಿಟಕಿ, ಇವನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.

ಕೊನೆಗೆ ಕೈಕೆಲಸ. ಪಂಪನ್ನು ನೇರ ಬಾಯಿಗೆ ಹೊಡೆದರೆ ಔಷಧಿ ಬಹುಪಾಲು ಗಂಟಲಿಗೇ ಅಂಟುತ್ತೆ. ಮಧ್ಯೆ ಸ್ಪೇಸರ್ ಅನ್ನೋ ಡಬ್ಬ ಬೇಕು. ಕೊಳ್ಳೋಕೆ ದುಡ್ಡಿಲ್ಲವಾ? ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಹೆದರ್ ಜಾರ್ ಎಂಬ ಮಕ್ಕಳ ವೈದ್ಯೆ ಮತ್ತು ಅವರ ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಕೂರುವಷ್ಟು ತೂತು ಮಾಡಿ, ಸಂದಿಗೆ ಅಂಟು ಹಾಕಿ, ಗೂರಲು ಎದ್ದ ಮಕ್ಕಳಿಗೆ ಕೊಟ್ಟು ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು ಅಂತ 1999ರಲ್ಲಿ ಪ್ರಕಟಿಸಿದರು. ಅವರು ಥರ್ಮಾಕೋಲ್ ಲೋಟವನ್ನೂ ನೋಡಿದರು, ಅದು ಅಷ್ಟು ಒಳ್ಳೇದಲ್ಲ.

ಗೂರಲು ಎದ್ದವನನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸುತ್ತ ಮುತ್ತಿಕೊಂಡ ಗುಂಪು ಚದುರಲಿ, ಕಿಟಕಿ ತೆಗೆಯಿರಿ. ಬಾಟಲಿ ಮೂಲಕ ನೀಲಿ ಪಂಪಿನ ಒಂದೊಂದೇ ಪಫ್, ಪ್ರತಿ ಪಫ್ಫಿಗೂ ನಾಲ್ಕು ಉಸಿರು, ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾದು ಇಳಿಯದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಫೋನು ಮಾಡಿ. ಗಾಡಿ ಬರೋವರೆಗೂ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಪಫ್ ಕೊಡ್ತಾ ಇರಿ. ಒಂದು ಪೂರ್ತಿ ವಾಕ್ಯ ಆಡೋಕಾಗ್ತಿಲ್ಲ, ತುಟಿ ನೀಲಿಯಾಗ್ತಿದೆ, ಮಂಪರು ಬರ್ತಿದೆ ಅಂದರೆ ಯಾವ ಲೆಕ್ಕಕ್ಕೂ ಕಾಯದೆ ಮೊದಲೇ ಹೊರಡಿಸಿ. ಸುಯ್‌ಗುಟ್ಟೋ ಸದ್ದು ನಿಂತಿತು ಅಂತ ಸಮಾಧಾನ ಪಡಬೇಡಿ. ಕೊಳವೆಯಲ್ಲಿ ಗಾಳಿಯೇ ಓಡದಿದ್ದಾಗಲೂ ಸದ್ದು ನಿಲ್ಲುತ್ತೆ.

ಬಾಟಲಿ, ಅಂಟು, ಕಾಯಿಸೋಕೆ ತಂತಿ ಆ ಮೂಲೇಲಿ ಇಟ್ಟಿದ್ದೇವೆ. ಬಾಟಲಿಗಳನ್ನು ಸೋಪಿನ ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸದೆ ಹಾಗೇ ಒಣಗಿಸಿದೆ. ಒರೆಸಿದರೆ ಔಷಧಿ ಗೋಡೆಗೆ ಅಂಟಿಕೊಳ್ಳುತ್ತೆ. ಒಂದು ಹಾಸ್ಟೆಲಿಗೆ ಎರಡರಂತೆ ಊಟಕ್ಕೆ ಮುಂಚೆ ಮಾಡಿ ಮುಗಿಸೋಣ. ಪ್ರಶ್ನೆ ಇದ್ದೋರು ಕೈಕೆಲಸ ಮಾಡ್ತಾನೇ ಕೇಳಿ.